ಗೌರಮ್ಮನ ಡಬ್ಬಿ ಕ್ಲೌಡ್ ಏರಿದ್ದು

"ಮಂಗಳಾ, ಇವತ್ತಿನಿಂದ ನಿನ್ನ ಊಟದ ವ್ಯಾಪಾರ ಕ್ಲೌಡ್ ಮೇಲೆ!"

ತಾರಸಿಯಲ್ಲಿ ನಿಂತು ಚಂದ್ರಮೌಳಿ ಹೀಗೆ ಸಾರಿದಾಗ ಸರ್ವಮಂಗಳಾ ಮೊದಲು ಆಕಾಶ ನೋಡಿದಳು. ತಿಪಟೂರಿನ ಬಿಸಿಲಿನಲ್ಲಿ ಒಂದು ಮೋಡವೂ ಇರಲಿಲ್ಲ. ಆಮೇಲೆ ಕಂಡದ್ದು ಅವಳ ವಾಷಿಂಗ್ ಮೆಷೀನು, ಹೊಟ್ಟೆಯಿಂದ ವೈರುಗಳನ್ನು ಚಾಚಿಕೊಂಡು. ಟೆಲಿಫೋನ್ ಎಂಜಿನಿಯರಾಗಿ ನಿವೃತ್ತನಾದ ಈ ಗಂಡ ಕೈಯಿಟ್ಟ ಮೇಲೆ ಆ ಮನೆಯ ಯಾವ ವಸ್ತುವೂ ಮೊದಲಿನ ಕೆಲಸ ಮಾಡಿದ್ದಿಲ್ಲ. ಹನ್ನೆರಡು ಮನೆಗೆ ಮಧ್ಯಾಹ್ನದ ಊಟ ಕಳಿಸುವ ಹೊತ್ತಿನಲ್ಲೇ ಇವನಿಗೆ ಪ್ರದರ್ಶನ ಬೇಕು!

"ನಿನ್ನ ಊಟಕ್ಕೇ ಅಂತ ಒಂದು ಆ್ಯಪ್ ಮಾಡಿದ್ದೀನಿ. ಅದರ ಒಂದೊಂದು ಕೆಲಸಕ್ಕೂ ಒಂದೊಂದು ಡಬ್ಬಿ. ಮುಚ್ಚಳದಲ್ಲಿ ಚಿಪ್. ಒಂದು ಆರ್ಡರ್ ತಗೊಳ್ಳುತ್ತೆ, ಇನ್ನೊಂದು ದಾರಿ ಹೇಳುತ್ತೆ. ನಿನ್ನ ಈ ಮೆಷೀನೇ ಈಗ ಡಬ್ಬಿ ಮಾಡೋ ಯಂತ್ರ, ನಿಮಿಷಕ್ಕೊಂದ್ಸಲ 'ಇದ್ದೀಯಾ?' ಅಂತ ಕೇಳುತ್ತೆ. ಉತ್ತರ ಬರದಿದ್ರೆ ಆ ಡಬ್ಬಿ ಸತ್ತಂತೆ. ತಕ್ಷಣ ಸ್ಟೀಲನ್ನ ಚಪಾತಿ ಹಿಟ್ಟಿನ ಹಾಗೆ ನಾದಿ ಹೊಸದು ಮಾಡುತ್ತೆ! ಯಾವಾಗಲೂ ಹನ್ನೆರಡು ಜೀವಂತ. ಇದಕ್ಕೆ ಡೆವಾಪ್ಸ್ ಅಂತಾರೆ. ಕಟ್ಟೋನೇ ನಡೆಸೋನು!"

"ತೊಳೆಯೋನು ಯಾರು?"

"ಅದು ಮುಂದಿನ ಅಪ್‌ಡೇಟಲ್ಲಿ ಬರುತ್ತೆ."

ಯಂತ್ರ ಗುಡುಗುಡು ಎಂದು ಹನ್ನೆರಡು ಡಬ್ಬಿ ಉಗುಳಿತು. ಸರ್ವಮಂಗಳಾ ಒಂದನ್ನು ಎತ್ತಿ ತಿರುಗಿಸಿ ನೋಡಿದಳು. ಮೈಮೇಲೆ 'ಗೌರಮ್ಮ' ಎಂದು ಕೆತ್ತಿದ ಹೆಸರು, ಪಕ್ಕದಲ್ಲಿ ಅದೇ ತಗ್ಗು.

"ರೀ! ಇದು ನಮ್ಮಮ್ಮನ ಡಬ್ಬಿ!"

"ಅದರ ನಕಲು. ಅಚ್ಚಿಗೆ ಅದನ್ನೇ ಬಳಸಿದೆ. ಅದಕ್ಕೂ ಒಂದು ಚಿಪ್ ಅಂಟಿಸಿ ನಿನ್ನೇನೇ ಅಡುಗೆಮನೇಲಿ ಇಟ್ಟಿದ್ದೀನಲ್ಲ."

ಅಮ್ಮನ ಗುರುತೆಂದು ಅವಳಲ್ಲಿ ಉಳಿದಿದ್ದುದು ಅದೊಂದೇ. ಓಡಿ ಹೋಗಿ ನೋಡಿದರೆ ಕಪಾಟಿನಲ್ಲಿ ಅದಿಲ್ಲ! ಬೆಳಗಿನ ಆತುರದಲ್ಲಿ ಯಾವುದಕ್ಕೆ ಏನು ಹಾಕಿದೆನೋ, ಯಾರಿಗೆ ಕೊಟ್ಟೆನೋ, ಒಂದೂ ನೆನಪಿಗೆ ಬರಲಿಲ್ಲ. ಊಟದ ಹೊತ್ತು ಬೇರೆ ಮೀರುತ್ತಿತ್ತು. ಸಿಟ್ಟಿನಲ್ಲೇ ಹನ್ನೆರಡು ಹೊಸ ಡಬ್ಬಿಗೂ ಕುದಿಯುವ ಹುಳಿ ಸುರಿದು ಮುಚ್ಚಳ ಜಡಿದಳು.

"ಹನ್ನೆರಡೂ ಸತ್ತವು!" ಮೇಲಿಂದ ಯಂತ್ರ ಊಳಿಟ್ಟಿತು. ಮತ್ತೆ ಹನ್ನೆರಡು ಡಬ್ಬಿ ಮೆಟ್ಟಿಲಿಳಿದು ಬಂದವು.

"ಹುಳಿಯ ಹಬೆಗೆ ಚಿಪ್ ಮೂಕಾಗುತ್ತೆ. ತುಂಬಿದ ಡಬ್ಬಿ ಮಾತಾಡಲ್ಲ," ಎಂದ ಚಂದ್ರಮೌಳಿ.

"ನೀವು ಬಾಯ್ತುಂಬ ಅನ್ನ ಇಟ್ಕೊಂಡೂ ಮಾತಾಡ್ತೀರಲ್ಲ!"

ಪುಕ್ಕಟೆ ಡಬ್ಬಿಯ ಸುದ್ದಿ ಬೀದಿಗೆ ಹಬ್ಬಲು ಎಷ್ಟು ಹೊತ್ತು? ಹೆಂಗಸರು ಬಂದರು, ಕೈಗೆ ಸಿಕ್ಕಷ್ಟು ಒಯ್ದರು, ಬಿಸಿಬಿಸಿ ಸಾರು ತುಂಬಿದರು. ಅವೂ ಸತ್ತವು! ಯಂತ್ರ ಮತ್ತಷ್ಟು ಹೆತ್ತಿತು. ಸ್ಟೀಲು ಮುಗಿದಾಗ ಅಯಸ್ಕಾಂತದ ಸೊಂಡಿಲು ಚಾಚಿ ಬೀದಿಯ ಸೌಟು, ಲೋಟ, ಕುಕ್ಕರಿನ ಮುಚ್ಚಳಗಳನ್ನೆಲ್ಲ ಕಿಟಕಿಯಿಂದಲೇ ಎಳೆದುಕೊಂಡಿತು.

"ಅಯ್ಯೋ, ನನ್ನ ಒಗ್ಗರಣೆ ಸೌಟು!" ಎಂದು ಬೀದಿಯಿಂದ ಯಾರೋ ಕೂಗಿದರು.

"ಆಫ್ ಮಾಡ್ರೀ ಅದನ್ನ!"

"ಬಟನ್ನೇ ಇಟ್ಟಿಲ್ಲ. ಕ್ಲೌಡ್ ಯಾವತ್ತಾದ್ರೂ ಆಫ್ ಆಗುತ್ತಾ?"

"ಪ್ಲಗ್ ಕೀಳಿ!"

"ಸೋಲಾರ್ ಕಣೇ! ತಾಳು, ಹನ್ನೆರಡು ಅಂತ ಇರೋದನ್ನ ಒಂದು ಅಂತ ಬದಲಾಯಿಸ್ತೀನಿ. ಒಂದೇ ಉಳಿಯುತ್ತೆ, ಮಿಕ್ಕಿದ್ದನ್ನೆಲ್ಲ ಯಂತ್ರ ವಾಪಸ್ ಕರೆಸಿ ನುಂಗುತ್ತೆ."

ಅವನು 'ಒಂದು' ಎಂದು ಒತ್ತಿದ್ದೇ ತಡ, ಮುನ್ನೂರು ಡಬ್ಬಿಗಳು ಬೀದಿ ತುಂಬ ಸಾರು ಚೆಲ್ಲುತ್ತಾ ಉರುಳಿಕೊಂಡು ಬಂದು ಮೆಟ್ಟಿಲು ಹತ್ತತೊಡಗಿದವು. ಅಮ್ಮನದೂ ಇವುಗಳಲ್ಲೇ ಇದ್ದರೆ? ಸರ್ವಮಂಗಳಾ ಸಿಕ್ಕಸಿಕ್ಕದ್ದನ್ನು ಹಿಡಿದು ನೋಡಿದಳು. ಎಲ್ಲದರ ಮೇಲೂ ಗೌರಮ್ಮ, ಎಲ್ಲದಕ್ಕೂ ಅದೇ ತಗ್ಗು! ಒಂದೊಂದೂ ಕೈಜಾರಿ ಯಂತ್ರದ ಬಾಯಿಗೆ ಬಿತ್ತು. ಅವಳು ಮೆಟ್ಟಿಲ ಮೇಲೆ ಕುಸಿದು ಗಳಗಳ ಅತ್ತುಬಿಟ್ಟಳು.

ಧಡಾರ್! ತಾರಸಿಯ ಮೇಲೆ ಒಂದೇ ಒಂದು ಡಬ್ಬಿ ನಿಂತಿತ್ತು, ಆಳೆತ್ತರ. ಮೊಳದುದ್ದದ ಅಕ್ಷರಗಳಲ್ಲಿ 'ಗೌರಮ್ಮ'. ಚಂದ್ರಮೌಳಿ ಎಲ್ಲೂ ಕಾಣಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಪುಟ್ಟತಾಯಮ್ಮ ಏದುಸಿರು ಬಿಡುತ್ತಾ ಬಂದರು. "ಮಂಗಳಮ್ಮ, ತಗೊಳ್ಳಿ ನಿಮ್ಮ ಡಬ್ಬಿ. ಬೆಳಗ್ಗೆ ಹುಳಿ ಕೊಟ್ಟಿದ್ರಲ್ಲ. ಎಲ್ಲರ ಮನೇದೂ ಉರುಳ್ಕೊಂಡು ಹೋದ್ವು, ಇದೊಂದು ಜಪ್ಪಯ್ಯ ಅಂದ್ರೂ ಅಲ್ಲಾಡ್ಲಿಲ್ಲ. ಖಾಲಿ ಕೊಡಬಾರದು ಅಂತ ನಾಲ್ಕು ಚಕ್ಕುಲಿ ಹಾಕಿದ್ದೀನಿ."

ಯಂತ್ರ ತಾನು ಮಾಡಿದ್ದನ್ನಷ್ಟೇ ಕರೆಸಿಕೊಂಡಿತ್ತು! ಸರ್ವಮಂಗಳಾ ಡಬ್ಬಿಯನ್ನು ಎದೆಗವುಚಿಕೊಂಡಳು.

"ಇದ್ದೀಯಾ?" ಎಂದಿತು ಯಂತ್ರ.

ದೊಡ್ಡ ಡಬ್ಬಿಯೊಳಗಿಂದ ದಬದಬ ಸದ್ದು. "ಇದ್ದೀನಿ! ಮಂಗಳಾ, ನಾನಿಲ್ಲಿದ್ದೀನಿ! ಮುಚ್ಚಳ ತೆಗಿಯೇ!"

ಅವಳು ನಿಧಾನವಾಗಿ ಒಂದು ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಂಡಳು.

"ಸುಮ್ನಿರ್ರೀ. ತುಂಬಿದ ಡಬ್ಬಿ ಮಾತಾಡಲ್ಲ."