ಮುಚ್ಚಿದ ಬಾಗಿಲಿನ ರುಜುವಾತು

ನಿಯಮಗಳನ್ನು ಎಷ್ಟೇ ಬಿಗಿಯಾಗಿ ಬರೆದರೂ ಇಂಥವು ನಡೆಯುತ್ತಲೇ ಇರುತ್ತವೆ. ಸೌದಿಯ ಬುರೈದಾ ಊರಿನ ಖರ್ಜೂರದ ಕಂಪನಿಯೊಂದರಲ್ಲಿ ನಾನು ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ನಿಯಮಗಳನ್ನು ಬರೆದವನೂ ನಾನೇ.

೧. ಗಂಡಿನ ಕಡೆಯವನು

ನಮ್ಮಲ್ಲಿ ಮಾರಾಟ, ಹಾಜರಿ, ರಜೆ ಎಲ್ಲವೂ ಒಂದೇ ವೆಬ್ ತಂತ್ರಾಂಶದಲ್ಲಿ. ಅದು ನಿಂತಿರುವುದು ಹೊರಗಿನವರು ಸಿದ್ಧಪಡಿಸಿದ ಫ್ರೇಮ್‌ವರ್ಕ್ ಎಂಬ ಚೌಕಟ್ಟಿನ ಮೇಲೆ. ಅದರಲ್ಲಿ ಎರಡು ಭದ್ರತಾ ದೋಷಗಳಿವೆಯೆಂಬ ಎಚ್ಚರಿಕೆ ಬಂದ ದಿನವೇ ನಮ್ಮ ಪ್ರೋಗ್ರಾಮರ್, ಉಪ್ಪಿನಂಗಡಿಯವರು, ಮಗಳ ನಿಕಾಹ್‌ಗೆ ರಜೆ ಕೇಳಿದರು.

"ದೋಷ ಮುಚ್ಚಿ, ಮುಚ್ಚಿದ್ದಕ್ಕೆ ರುಜುವಾತು ತೋರಿಸಿ, ಹೋಗಿ" ಎಂದೆ.

"ಟಿಕೆಟ್ ನಾಳೆಗೆ ಉಂಟು ಸರ್."

"ಹಾಗಾದರೆ ಇಂದೇ ಮುಚ್ಚಿ."

ಮೊದಲ ದೋಷ ಇದು: ತಂತ್ರಾಂಶಕ್ಕೆ ಬಂದ ಕೋರಿಕೆಯ ನೆತ್ತಿಯ ಮೇಲೆ 'ಒಳಗಿನದು' ಎಂದು ಬರೆದಿದ್ದರೆ ಸಾಕು, ಪಾಸ್‌ವರ್ಡ್ ನೋಡದೆ ಒಳಗೆ ಬಿಡುತ್ತದೆ. ಭಟ್ಕಳದವರಾದ ನಮ್ಮ ಮಾಲೀಕರಿಗೆ ಇದನ್ನು ವಿವರಿಸಿದೆ.

"ಅದರಲ್ಲಿ ಎಂತ ಉಂಟು ಮಾರಾಯ್ರೆ?" ಎಂದರು. "ನಮ್ಮ ಮನೆ ಮದುವೆಗೆ ಒಬ್ಬ ಗಂಡಿನ ಕಡೆಯವನು ಅಂತ ಬಂದ. ಉಂಡ, ಮಲಗಿದ. ಉಡುಗೊರೆ ಕೊಟ್ಟೇ ಕಳಿಸಿದೆವು."

"ಯಾರವನು?"

"ಗಂಡಿನ ಕಡೆಯವರೂ ಅದನ್ನೇ ಕೇಳ್ತಿದ್ದಾರೆ."

೨. ಅಲ್ಲಾಡಿಸದ ಬಟ್ಟಲು

ಮಧ್ಯಾಹ್ನದ ನಮಾಜಿನ ನಂತರ ಊರು ನಿದ್ರೆಗಿಳಿಯುತ್ತದೆ. ಕಿಟಕಿಯಾಚೆ ಧೂಳು ಹೊಂಬಣ್ಣದ ಮಂಜಿನಂತೆ ತೇಲುತ್ತಿತ್ತು. ಗೋದಾಮಿನಿಂದ ಖರ್ಜೂರದ ಸಿಹಿ ವಾಸನೆ ಬರುತ್ತಿತ್ತು. ಪರದೆಯ ಅಕ್ಷರಗಳು ನೀರೊಳಗಿನ ಮೀನುಗಳಂತೆ ಕಂಡವು. ಕಚೇರಿಯಲ್ಲಿ ತೂಕಡಿಕೆ ನಿಷಿದ್ಧ. ಆದ್ದರಿಂದ ಕಣ್ಣು ತೆರೆದೇ ಕುಳಿತಿದ್ದೆ.

"ಎರಡನೆಯದು ವಿಚಿತ್ರ ಸರ್" ಎಂದರು ಪ್ರೋಗ್ರಾಮರ್. "ಒಂದು ಬಗೆಯ ಕೋರಿಕೆ ಬಂದರೆ ಸರ್ವರ್ ಉತ್ತರ ನಿಲ್ಲಿಸುವುದೇ ಇಲ್ಲ. ಇಲ್ಲಿಯವರು, ಅತಿಥಿ ಬಟ್ಟಲು ಅಲ್ಲಾಡಿಸಿ ಸಾಕು ಅನ್ನುವ ತನಕ, ಕಾಫಿ ಸುರಿಯುತ್ತಾರಲ್ಲ, ಹಾಗೆ. ಈ ಅತಿಥಿ ಅಲ್ಲಾಡಿಸುವುದಿಲ್ಲ."

"ಮೂರು ಬಟ್ಟಲಿಗೆ ನಿಲ್ಲಿಸಿ."

ನಮ್ಮ ಸೌದಿ ವ್ಯವಸ್ಥಾಪಕರು ಇದನ್ನು ಕೇಳಿ ನೊಂದುಕೊಂಡರು. "ಬಂದವರನ್ನು ಹಾಗೇ ಕಳಿಸುವುದೇ? ಇದು ಖರ್ಜೂರದ ಮನೆ."

ಈಗ ದಾಳಿಗೆ ಬಂದವರಿಗೂ ನಮ್ಮ ಸರ್ವರ್ ಒಂದು ತಟ್ಟೆ ಖರ್ಜೂರದ ಚಿತ್ರ ತೋರಿಸಿದ ಮೇಲೆಯೇ ಬಾಗಿಲು ಹಾಕುತ್ತದೆ.

೩. ಖಾತರಿ

ಸಂಜೆಗೆ ಎರಡೂ ದೋಷಗಳಿಗೆ ಪ್ಯಾಚ್ ಎಂಬ ತೇಪೆ ಬಿತ್ತು. ರಜೆ ಮಂಜೂರು ಮಾಡಲು ಪಾಸ್‌ವರ್ಡ್ ಒತ್ತಿದೆ. ತಂತ್ರಾಂಶ ನನ್ನನ್ನು ನಿರಾಕರಿಸಿತು. ಮತ್ತೆ ಒತ್ತಿದೆ. ಮತ್ತೆ ನಿರಾಕರಿಸಿತು.

ಪ್ರೋಗ್ರಾಮರ್ ಬಗ್ಗಿ ನೋಡಿದರು. "ಪಾಸ್‌ವರ್ಡ್ ತಪ್ಪು ಸರ್. ಮೊದಲಿನಿಂದಲೂ ತಪ್ಪೇ. ನಮ್ಮ ಕಚೇರಿಯ ಕಂಪ್ಯೂಟರುಗಳು 'ಒಳಗಿನದು' ಅಂತ ಹೇಳಿಯೇ ಒಳಗೆ ಹೋಗುತ್ತಿದ್ದವು. ಇಷ್ಟು ವರ್ಷ ನೀವು ಬಂದದ್ದು ಆ ತೂತಿನಿಂದಲೇ."

ನಾನು ಕನ್ನಡಕ ಒರೆಸಿಕೊಂಡೆ.

"ಪ್ಯಾಚ್ ಒಂದು ಗಳಿಗೆ ತೆಗೆಯಲಾ ಸರ್?"

"ಕೂಡದು."

"ಹಾಗಾದರೆ ನಿಮ್ಮನ್ನು ಹೊಸದಾಗಿ ಸೇರಿಸಬೇಕು. ಇವರು ನಮ್ಮವರೇ ಅಂತ ಒಬ್ಬ ನೌಕರ ಖಾತರಿ ಕೊಡಬೇಕು. ನಿಮ್ಮದೇ ನಿಯಮ."

"ಕೊಡಿ."

"ಇಕಾಮಾ ತೋರಿಸಿ ಸರ್."

ತೋರಿಸಿದೆ. ಅವರು ಆ ಗುರುತಿನ ಚೀಟಿಯ ಫೋಟೋವನ್ನೂ ನನ್ನ ಮುಖವನ್ನೂ ಬಹಳ ಹೊತ್ತು ಹೋಲಿಸಿದರು. ಹೊರಗೆ ಸೂರ್ಯ ಧೂಳಿನಲ್ಲಿ ಮೆಲ್ಲಗೆ ಕರಗುತ್ತಿದ್ದ.

"ಖಾತರಿ ಕೊಡುವುದು ಕಷ್ಟ ಸರ್. ಫೋಟೋದಲ್ಲಿರುವವರು ನಗುತ್ತಿದ್ದಾರೆ."

ಹುಡುಗಿಯ ನಿಕಾಹ್ ನಿಲ್ಲಬಾರದು. ಕಚೇರಿಯ ವೇಳೆ ಮುಗಿದಿದೆಯೆಂದು ಗಡಿಯಾರ ನೋಡಿ ಖಚಿತಪಡಿಸಿಕೊಂಡು, ನಕ್ಕೆ.