ನಾಲ್ಕು ಟೈರುಗಳ ಪರವಾಗಿ, ನೆರಳಿನ ಒಡತಿ ಗಂಗವ್ವ ಎಮ್ಮೆಯವರಿಗೆ

ಮಾನ್ಯರೇ,

ಕೌಜಲಗಿಯ ನಮ್ಮ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಮೆಲುಕು ಹಾಕುತ್ತ ವಿರಾಜಮಾನರಾಗಿರುವ ತಮ್ಮ ಕೊಂಬು, ಕೆಚ್ಚಲು, ಬಾಲಗಳೆಲ್ಲ ಕ್ಷೇಮವೆಂದು ನಂಬಿ, ಅದೇ ಶೆಡ್ಡಿನ ಹೊರಗೆ ಬಿಸಿಲಿನಲ್ಲಿ ನಿಂತಿರುವ ಕಾರಿನ ಮಾಲೀಕನಾದ ವೀರಪ್ಪನೆಂಬ ನಾನು, ತಮ್ಮ ಬಾಲಕ್ಕೆ ನಿಲುಕದಷ್ಟು ದೂರದಿಂದ ಕೈಮುಗಿದು ಮಾಡಿಕೊಳ್ಳುವ ಬಿನ್ನಹವೇನೆಂದರೆ:

ಆ ಶೆಡ್ಡನ್ನು ನಾನು ಹಾಕಿಸಿದ್ದು ಕಾರಿಗಾಗಿ. ಕಾರು ಬರುವುದು ತುಸು ತಡವಾಯಿತು, ಅಷ್ಟರಲ್ಲಿ ನಮ್ಮ ಅವ್ವ ಚನ್ನವ್ವನವರು ಹೊಸ ಶೆಡ್ಡು ಖಾಲಿ ಇರಬಾರದೆಂದು ತಮ್ಮನ್ನು ತಂದು ಕಟ್ಟಿದರು. ಕಾರು ಬಂದ ದಿನ ನಾನು ತಕರಾರು ತೆಗೆದರೆ, “ಅದು ದಿನಾ ಹಾಲ ಕೊಡತೈತಿ. ನಿನ್ನ ಗಾಡಿ ಏನ ಕೊಡತೈತೋ?” ಎಂದು ಕೇಳಿದರು. ನಾನು ಹಾರ್ನ್ ಬಾರಿಸಿ ತೋರಿಸಿದೆ. ತಾವು ಅದಕ್ಕಿಂತ ಜೋರಾಗಿ ಕೂಗಿ ವ್ಯಾಜ್ಯವನ್ನು ಅಲ್ಲಿಗೇ ಮುಗಿಸಿದಿರಿ.

ಅಂದಿನಿಂದ ನನ್ನ ಟೈರುಗಳು ಬಿಸಿಲುಂಡು ಕಪ್ಪು ಬಿಟ್ಟು ಬೂದಿಗೆ, ಬೂದಿ ಬಿಟ್ಟು ಕಂದು ಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ಸಣ್ಣಗೆ ಬಿರುಕು ಬಿಡುತ್ತಿರುವಾಗ, ತಾವು ಮಾತ್ರ ನೆರಳಿನಲ್ಲಿದ್ದುಕೊಂಡು ದಿನದಿಂದ ದಿನಕ್ಕೆ ಕಪ್ಪಾಗಿ ಮಿಂಚುತ್ತಿರುವುದನ್ನು ಕಂಡು ನನಗಾಗುವ ಹೊಟ್ಟೆಕಿಚ್ಚನ್ನು ಮುಚ್ಚಿಡಲಾರೆ.

ದೀಪಾವಳಿ ಪಾಡ್ಯದಂದು ಅವ್ವ ತಮ್ಮ ಮೈಗೆ ಕುಸುಬಿ ಎಣ್ಣೆ ತಿಕ್ಕಿ, ಕೊಂಬಿಗೆ ನವಿಲುಗರಿ ಕಟ್ಟಿ, ಓಣಿಯಲ್ಲಿ ಓಡಿಸಲು ಸಜ್ಜು ಮಾಡಿದರಲ್ಲ, ಆಗ ಬಟ್ಟಲಲ್ಲಿ ಉಳಿದ ಎಣ್ಣೆಯನ್ನು “ಇವೂ ಓಡೂವ ಅದಾವ, ಬಿಸಲಾಗ ಒಣಗ್ಯಾವ, ಪಾಪ” ಎಂದು ನನ್ನ ನಾಲ್ಕೂ ಟೈರಿಗೆ ಪ್ರೀತಿಯಿಂದ ಬಳಿದುಬಿಟ್ಟರು. ಮರುದಿನ ನನ್ನ ಹೆಂಡತಿ ಶೈಲಾಳ ತವರಿಗೆ, ಹುಕ್ಕೇರಿಗೆ, ತೊಟ್ಟಿಲ ಕಾರ್ಯಕ್ರಮಕ್ಕೆಂದು ಹೊರಟೆವು. ದಾರಿಯ ಧೂಳು, ಕಬ್ಬಿನ ಒಣಗಿದ ಎಲೆಯ ರವದಿ, ಯಾರೋ ರಸ್ತೆಯಲ್ಲಿ ಹರವಿದ್ದ ಗೋವಿನಜೋಳದ ಹೊಟ್ಟು, ಎಲ್ಲವೂ ಟೈರಿಗೆ ಮೆತ್ತಿಕೊಂಡವು. ಅಲ್ಲಿ ಭಾವಮೈದುನ ಮಹೇಶ ಇಡೀ ಬಳಗದ ಎದುರು, “ಮಾಮಾ, ಟೈರಿಗೆ ಹಿಟ್ಟ ಹಚ್ಚಿ ಎಣ್ಣ್ಯಾಗ ಕರದ ತಂದೀರೇನ್ರಿ?” ಎಂದ. ಶೈಲಾ ತಿರುಗಿ ಬಸ್ಸಿನಲ್ಲಿ ಬಂದಳು. “ಆ ಗಾಡಿ ನೆರಳ ಕಾಣೂತನಕಾ ನಾ ಅದರಾಗ ಕುಂದ್ರಂಗಿಲ್ಲ” ಎಂದು ಹೇಳಿದವಳು ಇಂದಿಗೂ ಕುಳಿತಿಲ್ಲ. ಭಾನುವಾರ ಸಂಜೆ ಅವಳನ್ನು ಕೂಡಿಸಿಕೊಂಡು ಗೋಕಾಕಕ್ಕೆ ಹೋಗಿ ಕರದಂಟು ತಿಂದು ಬರುವುದೇ ನನಗಿದ್ದ ದೊಡ್ಡ ಸುಖ. ಪಕ್ಕದ ಸೀಟು ಖಾಲಿ ಇರುವುದು ನನಗೆ ನಿಜಕ್ಕೂ ಬೇಸರ ತಂದಿದೆ.

ಗೋಕಾಕದ ಟೈರಿನ ಅಂಗಡಿಯವರನ್ನು ವಿಚಾರಿಸಿದರೆ, ರಬ್ಬರಿಗೆ ಬಿಸಿಲೂ ಆಗದು, ಎಣ್ಣೆಯೂ ಆಗದು, ಸಾಬೂನು ನೀರಿನಲ್ಲಿ ತೊಳೆದು ನೆರಳಿಗೆ ನಿಲ್ಲಿಸಿ ಎಂದರು. ತೊಳೆದಿದ್ದೇನೆ. ಉಳಿದದ್ದು ತಮ್ಮ ಕೈಯಲ್ಲಿದೆ, ಅರ್ಥಾತ್ ಕಾಲಿನಲ್ಲಿದೆ.

ಆದಕಾರಣ ತಾವು ದಯಮಾಡಿ ಮಧ್ಯಾಹ್ನದ ಮಟ್ಟಿಗಾದರೂ ಹೊರಗೆ ದಯಮಾಡಿಸಬೇಕು. ಅದು ಘನತೆಗೆ ಕುಂದೆನಿಸಿದರೆ, ಕಾರಿನ ಬಾಜೂ ನಿಂತು, ಸೂರ್ಯ ಸರಿದಂತೆ ತಾವೂ ಸರಿಯುತ್ತ, ತಮ್ಮ ವಿಶಾಲವಾದ ನೆರಳನ್ನು ನಾಲ್ಕೂ ಟೈರುಗಳ ಮೇಲೆ ಸಮನಾಗಿ ಬೀಳಿಸಬೇಕು. ಅದೂ ಆಗದಿದ್ದರೆ, ಹೊಟ್ಟೆ ಒಂದನ್ನು ಒಳಗೆಳೆದುಕೊಂಡು ಹಿಂದಿನ ಎರಡು ಟೈರುಗಳಿಗಾದರೂ ಜಾಗ ಮಾಡಿಕೊಡಬೇಕು. ಮುಂದಿನವು ಹೇಗೋ ಸಹಿಸಿಕೊಳ್ಳುತ್ತವೆ, ಅವು ನನ್ನ ಸ್ವಭಾವದವು.

ತಮ್ಮ ಹಾಲಿನ ಚಹಾ ಕುಡಿಯುತ್ತಲೇ ಇದನ್ನು ಬರೆಯುತ್ತಿರುವ,
ತಮ್ಮ ವಿಶ್ವಾಸಿ,
ವೀರಪ್ಪ

ತಾ.ಕ.: ಇದನ್ನು ಬರೆದಿಟ್ಟ ಮೇಲೆ, ನಿನ್ನೆ ಅವ್ವ ತಮ್ಮ ಶೆಡ್ಡಿಗೆ ಹೊಂದಿಸಿ ಇನ್ನೊಂದು ಶೆಡ್ಡು ಹಾಕಿಸಿದರು. ಕೊನೆಗೂ ಕಾರಿಗೆ ನೆರಳಾಯಿತೆಂದು ಕಂಬದ ಕುಣಿಯನ್ನು ನಾನೇ ತೋಡಿದೆ, ತಗಡನ್ನು ನಾನೇ ಹೊತ್ತೆ. ಸಂಜೆ ಹುಕ್ಕೇರಿಯಿಂದ ಟೆಂಪೋ ಬಂತು, ಅದರಲ್ಲಿ ಮಹೇಶ ಅಕ್ಕನಿಗೆಂದು ಕಳಿಸಿದ ಇನ್ನೊಬ್ಬ ಎಮ್ಮೆಯವರಿದ್ದರು. ಅವರು ದಾರಿಯಲ್ಲಿ ಬೆದರಬಾರದೆಂದು, ಕರೆತರಲು ಹೋಗಿದ್ದ ಶೈಲಾ ಹುಕ್ಕೇರಿಯಿಂದ ಕೌಜಲಗಿಯವರೆಗೆ ಟೆಂಪೋದ ಹಿಂಭಾಗದಲ್ಲಿ ಅವರ ಪಕ್ಕದಲ್ಲೇ ನಿಂತು ನಗುನಗುತ್ತ ಬಂದಳು. ಟೆಂಪೋದ ಟೈರುಗಳನ್ನು ನಾನು ಬಗ್ಗಿ ನೋಡಿದೆ, ನನ್ನವಕ್ಕಿಂತ ಕಡೆಯಾಗಿದ್ದವು.