ಜರ್ಮನ್ ಅಜ್ಜಿಯ ಉಪ್ಪಿಟ್ಟು

ನನ್ನ ಸೋದರಮಾವನ ಮನೆಯಲ್ಲಿ ಸೀನುವುದಕ್ಕೂ ಅನುಮತಿ ಬೇಕು ಎಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಡಿ, ಅದು ಅಪಪ್ರಚಾರ! ಸೀನಲು ಯಾರ ಅಪ್ಪಣೆಯೂ ಬೇಕಿಲ್ಲ. ಸೀನಿದ್ದನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಂಡರೆ ಮಾತ್ರ ಸೀನಿದವರ ಒಪ್ಪಿಗೆ ಬೇಕು. ನನ್ನ ಮಗಳ ಹುಟ್ಟುಹಬ್ಬಕ್ಕೆ ಬಂದ ಮಾಮಾ, ಕೇಕು ಕತ್ತರಿಸುವ ಮೊದಲು ಎದ್ದು ನಿಂತು, "ಈ ವಿಡಿಯೋದ ಹಕ್ಕು ಯಾರದು?" ಎಂದು ಕೇಳಿದರು.

"ಇಟ್ಸ್ ಮೈ ಬರ್ತ್‌ಡೇ!" ಎಂದಳು ಮಗಳು.

"ಭೇಷ್, ಕೂಸಿಗೆ ಕಾಯ್ದೆ ಗೊತ್ತದ" ಎಂದು ಮಾಮಾ ಕೂತರು.

ತಪ್ಪು ಅವರದಲ್ಲ, ವೃತ್ತಿಯದು. ಧಾರವಾಡದಿಂದ ಅಮೆರಿಕಕ್ಕೆ ಇಂಜಿನಿಯರಾಗಿ ಬಂದ ಈ ಮನುಷ್ಯ ನಡುವಯಸ್ಸಿನಲ್ಲಿ ಇದ್ದ ನೌಕರಿ ಬಿಟ್ಟು, ಮ್ಯೂನಿಕ್ಕಿನ ಒಂದು ಸಿನಿಮಾ ಲೈಸೆನ್ಸಿಂಗ್ ಕಂಪನಿಗೆ ಪಶ್ಚಿಮ ಅಮೆರಿಕದ ಏಜೆಂಟರಾದರು. ಆ ಭಾರೀ ಕಚೇರಿ ಇದ್ದದ್ದು ಗಿಲ್‌ರಾಯ್ ಎಂಬ ಊರಿನ ಅವರ ಗರಾಜಿನಲ್ಲಿ, ಅಕ್ಕಿ ಚೀಲಕ್ಕೂ ಹುಲ್ಲು ಕತ್ತರಿಸುವ ಯಂತ್ರಕ್ಕೂ ನಡುವೆ! ಕಂಪನಿ ತಾನೇನೂ ಸಿನಿಮಾ ತೆಗೆಯುತ್ತಿರಲಿಲ್ಲ. ಬೇರೆಯವರು ತೆಗೆದದ್ದನ್ನು ತೋರಿಸುವ ಹಕ್ಕು ಕೊಂಡು ಟೀವಿಗೆ, ವಿಮಾನಗಳಿಗೆ, ಹೋಟೆಲುಗಳಿಗೆ ಮಾರುತ್ತಿತ್ತು. ಯಾವ ಪ್ರದೇಶಕ್ಕೆ, ಯಾವ ಭಾಷೆಗೆ, ಎಷ್ಟು ಅವಧಿಗೆ ಎಂಬ ಮಾತು ಮಾಮಾನ ನಾಲಿಗೆಗೆ ಮಂತ್ರದಂತೆ ಅಂಟಿತು. ಅತ್ತೆ ಪಕ್ಕದ ಮನೆಯವಳಿಗೆ ಶೇಂಗಾ ಚಟ್ನಿಪುಡಿ ಕಲಿಸುವಾಗ ಇವರು ನಡುವೆ ಬಾಯಿ ಹಾಕಿ, "ಗಿಲ್‌ರಾಯ್ ಮಟ್ಟಿಗೆ ಮಾತ್ರ. ಬಾಜೂ ಊರು ಮಾರ್ಗನ್ ಹಿಲ್ ದಾಟಂಗಿಲ್ಲ" ಎಂದರಂತೆ. ಆ ಬಡಪಾಯಿ ಅದರಾಚೆ ಮೌಂಟನ್ ವ್ಯೂನಲ್ಲಿದ್ದ ತನ್ನ ತಂಗಿಗೆ ಪುಡಿ ಕಳಿಸಲು ಬಹಳ ದಿನ ಹೆದರಿದಳು.

ಕಂಪನಿ ಏರಿದ್ದೇ ಏರಿದ್ದು! ಷೇರು ಏರಿತು, ಕಚೇರಿಯ ಮಹಡಿಗಳು ಏರಿದವು, ಮಾಮಾನ ದನಿಯೂ ಏರಿತು. ಇಲ್ಲಿಯ ಬೆಳಗೆಂದರೆ ಮ್ಯೂನಿಕ್ಕಿನ ಸಂಜೆ. ಹೀಗಾಗಿ ಫೋನು ಬರುತ್ತಿದ್ದದ್ದು ಸರಿಯಾಗಿ ನಾಷ್ಟಾದ ಹೊತ್ತಿಗೆ. ಅತ್ತೆ ಗರಾಜಿನ ಬಾಗಿಲಲ್ಲಿ ನಿಂತು "ಏನ್ರೀ, ಉಪ್ಪಿಟ್ಟು ಆರ್ಲಿಕತ್ತದ, ಬರ್ರಿ ಇನ್ನ" ಎಂದು ಕರೆಯುವುದು, ಮಾಮಾ ತಿರುಗಿಯೂ ನೋಡದೆ ಒಂದು ಕೈ ಎತ್ತುವುದು. ಆ ಕೈಗೆ 'ಬಂದೆ' ಎಂದರ್ಥವೋ 'ಸುಮ್ಮನಿರು' ಎಂದರ್ಥವೋ ಅತ್ತೆಗೆ ಕೊನೆಯವರೆಗೂ ತಿಳಿಯಲಿಲ್ಲ.

ಆ ಏರುಗಾಲದಲ್ಲೇ ಮಾಮಾನಿಗೆ ಒಂದು ಹುಕಿ ಬಂತು. ಕಂಪನಿಯ ಒಂದು ಜರ್ಮನ್ ಗೊಂಬೆ ಸಿನಿಮಾವನ್ನು ಕನ್ನಡಕ್ಕೆ ತರಬೇಕು, ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ನೋಡಬೇಕು! ಕಂಪನಿಯೂ ಹೂಂ ಅಂದಿತು. ಕೈ ತುಂಬಿದಾಗ ಯಾರು ತಾನೇ ಬೇಡ ಎನ್ನುತ್ತಾರೆ? ಕಥೆಯಲ್ಲಿದ್ದದ್ದು ಒಬ್ಬ ಬಡಗಿ ಮುದುಕ, ಅವನ ಹೆಂಡತಿ, ಒಂದು ಕತ್ತೆ. ಮುದುಕ ಕೆಲಸದಲ್ಲಿ ಮುಳುಗಿ ಚಿತ್ರದುದ್ದಕ್ಕೂ ತುಟಿ ಬಿಚ್ಚುವುದಿಲ್ಲ. ಅಜ್ಜಿಗೆ ಅತ್ತೆಯ ದನಿ. ಕತ್ತೆ ನಾನು. ಪರೀಕ್ಷೆಯೇ ಇಲ್ಲದೆ ಆಯ್ಕೆಯಾದೆ!

ದನಿ ಮಾರ್ದನಿಸದಂತೆ ಗರಾಜಿನ ಗೋಡೆಗೆಲ್ಲ ಕೌದಿ ಕಟ್ಟಿ ರೆಕಾರ್ಡಿಂಗು ಶುರುವಾಯಿತು. ಮಾಮಾ ಬರೆದುಕೊಟ್ಟ ಮೊದಲ ಮಾತು, "ಪ್ರಿಯರೇ, ಸೂಪು ಸಿದ್ಧವಾಗಿದೆ."

ಅತ್ತೆ ಹಾಳೆ ಕೆಳಗಿಟ್ಟರು. "ಯಾವ ಹೆಂಡ್ತಿ ಹಿಂಗ ಕರೀತಾಳ್ರೀ?" ಎಂದವರೇ ಮೈಕಿಗೆ ಬಾಯಿ ಹಚ್ಚಿ, ತಮ್ಮ ದಿನನಿತ್ಯದ ಉಪ್ಪಿಟ್ಟಿನ ಮಾತನ್ನೇ ಆಡಿಬಿಟ್ಟರು.

"ಜರ್ಮನಿಯೊಳಗ ಉಪ್ಪಿಟ್ಟು ಎಲ್ಲಿಂದ ಬಂತ?"

"ಗಿಲ್‌ರಾಯ್‌ಗೆ ಬಂದದ, ಅಲ್ಲಿಗೆ ಬರೂದಿಲ್ಲೇನು?"

ಕತ್ತೆ ಬಿದ್ದು ಬಿದ್ದು ನಕ್ಕಿತು. ಆ ಮಾತೇ ಉಳಿಯಿತು.

ಡಬ್ಬಿಂಗು ಮುಗಿಯಿತು. ಅಷ್ಟರಲ್ಲಿ ಕಂಪನಿಯೇ ಮುಗಿಯಿತು! ಒಂದು ಒಳ್ಳೆಯ ಸಿನಿಮಾ ಬೇಕೆಂದರೆ ಅದರ ಜೊತೆ ಓಡದ ಹತ್ತಾರನ್ನೂ ಕೊಳ್ಳಬೇಕು, ಅದು ಆ ಧಂದೆಯ ಪದ್ಧತಿ. ಒಂದು ಮಾವಿನಹಣ್ಣಿನ ಆಸೆಗೆ ಕೊಳೆತ ಬುಟ್ಟಿಯನ್ನೇ ಹೊತ್ತು ತಂದ ಹಾಗೆ. ಬುಟ್ಟಿಗಳು ರಾಶಿಯಾದವು, ಟೀವಿಯವರು ಬೆನ್ನು ತಿರುಗಿಸಿದರು, ಷೇರು ನೆಲ ಕಚ್ಚಿತು, ಕೋರ್ಟು ಬಂದು ಬೀಗ ಜಡಿಯಿತು. ಮಾಮಾ ಮಾತ್ರ ಬೆಳಿಗ್ಗೆ ಫೋನು ಹಚ್ಚುವುದನ್ನು ಬಿಡಲಿಲ್ಲ. ಆ ಕಡೆ ಎತ್ತುವವರೇ ಇಲ್ಲ. "ಮೀಟಿಂಗಿನ್ಯಾಗ ಇರಬೇಕು" ಎನ್ನುತ್ತಿದ್ದರು.

ಮರುವರ್ಷ ಅತ್ತೆ ತೀರಿಕೊಂಡರು. ಕಾಯಿಲೆ ಎಂದು ಹೇಳುವಂಥದ್ದೂ ಇರಲಿಲ್ಲ, ಹೋಗಿಬಿಟ್ಟರು.

ಅತ್ತೆಗೆ ವಿಡಿಯೋ ಎಂದರೆ ವಿಪರೀತ ನಾಚಿಕೆ. ಅವರು ಒಪ್ಪಿಗೆ ಕೊಡಲಿಲ್ಲ, ಮಾಮಾ ಯಾರಿಗೂ ತೆಗೆಯಗೊಡಲಿಲ್ಲ. ಹೀಗಾಗಿ ಅವರ ದನಿ ಉಳಿದದ್ದು ಆ ಜರ್ಮನ್ ಗೊಂಬೆಯ ಬಾಯಲ್ಲಿ ಮಾತ್ರ. ಆ ಸಿನಿಮಾದ ಡಿಸ್ಕು ದೇವರ ಕಪಾಟಿನಲ್ಲಿ, ಗಣಪತಿಯ ಹಿಂದೆ. ಅದನ್ನು ಹಾಕಿ ನೋಡಬೇಕಲ್ಲ? ಊಹೂಂ! ಹಕ್ಕು ಕೋರ್ಟಿನ ವಶದಲ್ಲಿದೆ!

"ಮಾಮಾ, ಕಂಪನೀನ ಇಲ್ಲ. ಯಾರು ಕೇಳ್ತಾರ?" ಎಂದೆ.

"ಮಾಲಕ ಸತ್ತರ ಮನಿ ಕಳ್ಳಂದು ಆಗೂದಿಲ್ಲವ್ವಾ" ಎಂದರು. ಹೇಳಿ, ಕಪಾಟಿನ ಕಡೆಗೇ ನೋಡುತ್ತಾ ಕೂತರು. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಅಳು ಬಂತು.

ಅಂತೂ ಒಂದು ಬೆಳಿಗ್ಗೆ, ನಾನು ಅಲ್ಲಿದ್ದಾಗಲೇ, ಆ ಕಡೆ ಯಾರೋ ಫೋನು ಎತ್ತಿದರು. ಮುಳುಗಿದ ಕಂಪನಿಯ ಲೆಕ್ಕ ತೀರಿಸಲು ಕೋರ್ಟು ನೇಮಿಸಿದ ವಕೀಲೆಯಂತೆ. ಮಾಮಾ ತಟ್ಟನೆ ನೆಟ್ಟಗೆ ಕೂತು, ತಮ್ಮ ಹಳೆಯ ಏಜೆಂಟು ದನಿಯಲ್ಲಿ ಸಿನಿಮಾದ ಹೆಸರು ಹೇಳಿ, ಹಕ್ಕು ಬೇಕು ಎಂದರು. ಯಾವ ಭಾಷೆ ಎಂದು ಆಕೆ ಕೇಳಿದಳು. ಕನ್ನಡ. ಯಾವ ಪ್ರದೇಶ? ನಮ್ಮ ಮನೆಯ ಪಡಸಾಲೆ. ಅವಧಿ?

ಇಷ್ಟು ವರ್ಷ ಇದೇ ಪ್ರಶ್ನೆಯನ್ನು ಜಗತ್ತಿಗೆಲ್ಲ ಕೇಳಿದ ಮನುಷ್ಯ ತಡವರಿಸಿದರು. ಆಮೇಲೆ ಮೆಲ್ಲಗೆ ಇಂಗ್ಲಿಷಿನಲ್ಲಿ, ನಾನು ಇರುವ ತನಕ, ಎಂದರು.

ಮನೆಯಲ್ಲೇ ನೋಡುವುದಾದರೆ ನನ್ನದೇನೂ ತಕರಾರಿಲ್ಲ, ನೋಡಿಕೊಳ್ಳಿ, ಎಂದಳು ಆ ಪುಣ್ಯಾತ್ಗಿತ್ತಿ.

ಆ ಶನಿವಾರ ಬೆಳಿಗ್ಗೆ ನಾವೆಲ್ಲ ಗಿಲ್‌ರಾಯ್‌ಗೆ ಹೋದೆವು. ಮಾಮಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಾವೇ ಗಂಟುಗಂಟಾದ ಉಪ್ಪಿಟ್ಟು ಮಾಡಿಟ್ಟಿದ್ದರು. ಡಿಸ್ಕು ಹಾಕಿದರು. ತೆರೆಯ ಮೇಲೆ ಕತ್ತೆಯಾಗಿ ನಾನು ಅರಚಿದೆ, ಮಗಳು ನಕ್ಕಳು. ಆಮೇಲೆ ಗೊಂಬೆ ಅಜ್ಜಿ ಸೂಪಿನ ಬಟ್ಟಲು ಹಿಡಿದು ಬಾಗಿಲಿಗೆ ಬಂದಳು.

"ಏನ್ರೀ, ಉಪ್ಪಿಟ್ಟು ಆರ್ಲಿಕತ್ತದ, ಬರ್ರಿ ಇನ್ನ."

ಮಾಮಾ ಅಭ್ಯಾಸದಂತೆ ಕೈ ಎತ್ತಿದರು. ಅರ್ಧಕ್ಕೇ ಇಳಿಸಿ, ಎದ್ದು ನಿಂತರು.

"ಬಂದೆ," ಎಂದರು. "ತಾಟು ಹಚ್ಚು."